ಯಾರಿಗೆ ಸುರಕ್ಷಿತ ಈ ಬಂದೂಕು?

ಬೆಂಗಳೂರು ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಕಂಪ್ಯೂಟರ್. ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡಗಳು, ಎಲೆಕ್ಟ್ರಾನಿಕ್ ಸಿಟಿಯ ಹುಲ್ಲುಹಾಸು, ಹೊಸೂರು ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಕಂಪೆನಿ ಬಸ್ಸುಗಳು. ಆದರೆ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ, ಬೊಮ್ಮಸಂದ್ರದಲ್ಲಿ ಬಲಕ್ಕೆ ಹೊರಳಿ ಜಿಗಣಿಯ ಕಡೆಗೆ ಸಾಗಿದರೆ ಬೇರೊಂದು ಬೆಂಗಳೂರು ಕಾಣಸಿಗುತ್ತದೆ. ಗ್ರಾನೈಟ್ ಕೊಯ್ಯುವ ಘಟಕಗಳು, ಔಷಧ ಕಾರ್ಖಾನೆಗಳು, ಯಂತ್ರದ ಬಿಡಿಭಾಗ ತಯಾರಿಸುವ ಶೆಡ್ಡುಗಳು. ಈಗ ಈ ಪಟ್ಟಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಬಂದೂಕು.

ದಶಕಗಳ ಕಾಲ ವಾಹನಗಳಿಗೆ ಸ್ಪ್ರಿಂಗ್ ಮಾಡಿಕೊಡುತ್ತಾ ಬಂದ ಬೆಂಗಳೂರಿನ ಸ್ಟಂಪ್ ಷೂಲೆ ಅಂಡ್ ಸೋಮಪ್ಪ ಸಮೂಹ ರಕ್ಷಣಾ ಕ್ಷೇತ್ರಕ್ಕೂ ಕಾಲಿಟ್ಟಿತು. ಅದರ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ 2019ರಲ್ಲಿ ಎರಡು ಸ್ನೈಪರ್ ರೈಫಲ್‌ಗಳ ಮಾದರಿಗಳನ್ನು ಹೊರತಂದಿತು. ಒಂದರ ಹೆಸರು ವೈಪರ್, 7.62 ಮಿ.ಮೀ. ಬೋರಿನದು. ಇನ್ನೊಂದು ಸೇಬರ್, .338 ಲಾಪುವಾ ಮ್ಯಾಗ್ನಮ್ ಎಂಬ ದೊಡ್ಡ ಕಾಡತೂಸನ್ನು ಹಾರಿಸುವಂಥದ್ದು. ಮೊದಲನೆಯದರ ವ್ಯಾಪ್ತಿ ಒಂದು ಕಿಲೋಮೀಟರ್, ಎರಡನೆಯದ್ದು ಒಂದೂವರೆ ಕಿಲೋಮೀಟರ್ ಎಂದು ಆಗ ಹೇಳಲಾಯಿತು. 2024ರಲ್ಲಿ ಸೇಬರ್ ವಿದೇಶಕ್ಕೆ ರಫ್ತಾದ ಸುದ್ದಿ ಬಂತು. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಸ್ನೈಪರ್ ರೈಫಲ್ ಹೊರದೇಶಕ್ಕೆ ಹೋಗುತ್ತಿದೆ ಎಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಕೊಂಡವರು ಯಾರು ಎಂಬುದಕ್ಕೆ ಸಿಕ್ಕ ಉತ್ತರ 'ಒಂದು ಮಿತ್ರರಾಷ್ಟ್ರ' ಎಂದಷ್ಟೇ.

ಆ ಸಂಭ್ರಮವನ್ನು ಹಾಳುಮಾಡುವುದು ನಮ್ಮ ಉದ್ದೇಶವಲ್ಲ. ನಮ್ಮ ಎಂಜಿನಿಯರುಗಳ ಕೌಶಲದ ಬಗ್ಗೆ ನಮಗೂ ಅಭಿಮಾನವಿದೆ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಕಾರಿಗೆ ಸುರಕ್ಷಿತ ಎಂದರೆ ಅರ್ಥವಾಗುತ್ತದೆ, ಕುಕ್ಕರಿಗೆ ಸುರಕ್ಷಿತ ಎಂದರೆ ಅರ್ಥವಾಗುತ್ತದೆ. ಕೊಲ್ಲಲಿಕ್ಕೆಂದೇ ಮಾಡಿದ ವಸ್ತುವನ್ನು 'ಸುರಕ್ಷಿತ' ಎಂದು ಕರೆದಾಗ ನಾವು ಹೇಳುತ್ತಿರುವುದಾದರೂ ಏನು? ಯಾರಿಗೆ ಸುರಕ್ಷಿತ?

ದೊಡ್ಡ ಬೋರು ಎಂದರೆ

ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ಅರ್ಥವಾಗದ ವಸ್ತುವಿನ ಬಗ್ಗೆ ನೀತಿಪಾಠ ಹೇಳುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ.

.338 ಎಂದರೆ ಗುಂಡಿನ ಅಡ್ಡಳತೆ ಒಂದು ಇಂಚಿನ ಸಾವಿರದಲ್ಲಿ 338 ಭಾಗ, ಅಂದರೆ ಸುಮಾರು 8.6 ಮಿ.ಮೀ. ಇದರ ಮೇಲಿನ ಮೆಟ್ಟಿಲು .50, ಅಂದರೆ 12.7 ಮಿ.ಮೀ. ಅಮೆರಿಕದ ಜಾನ್ ಬ್ರೌನಿಂಗ್ ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ರೂಪಿಸಿದ ಈ ಕಾಡತೂಸು ನೂರು ವರ್ಷ ದಾಟಿದರೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ತಿರುಚಿರಾಪಳ್ಳಿಯ ಸರಕಾರಿ ಕಾರ್ಖಾನೆಯ 'ವಿಧ್ವಂಸಕ' ರೈಫಲ್ 12.7, 14.5 ಮತ್ತು 20 ಮಿ.ಮೀ. ನಳಿಗೆಗಳಲ್ಲಿ ಬಂದಿದೆ. ಇಂಥವನ್ನು ಮನುಷ್ಯರಿಗಿಂತ ಹೆಚ್ಚಾಗಿ ವಾಹನ, ರಾಡಾರ್, ಬಂಕರುಗಳ ಮೇಲೆ ಪ್ರಯೋಗಿಸಲು ಮಾಡಲಾಗುತ್ತದೆ ಎಂಬುದು ಸೇನಾ ಭಾಷೆಯ ವಿವರಣೆ.

ಸಾಮಾನ್ಯ 7.62 ಮಿ.ಮೀ. ಗುಂಡು ನಳಿಗೆ ಬಿಡುವಾಗ ಸುಮಾರು 3,500 ಜೌಲ್ ಶಕ್ತಿ ಹೊತ್ತಿರುತ್ತದೆ. .338ರ ಗುಂಡಿನದು ಸುಮಾರು 6,500. .50ರದ್ದು 15,000ಕ್ಕೂ ಮೇಲೆ. ಒಂದು ಟನ್ ತೂಕದ ಕಾರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಾಗ ಇರುವಷ್ಟು ಶಕ್ತಿ ಅದು. ವ್ಯತ್ಯಾಸವೆಂದರೆ ಇಲ್ಲಿ ಅಷ್ಟನ್ನೂ ಒಂದು ಬೆರಳಿನ ಗಾತ್ರದ ಲೋಹದ ತುಂಡು ಹೊತ್ತು ತರುತ್ತದೆ.

ಈ ಶಕ್ತಿ ಹುಟ್ಟುವುದು ಬಂದೂಕು ಹಿಡಿದವನ ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದು ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ. .338ರ ಕಾಡತೂಸು ಸಿಡಿದಾಗ ಒಳಗಿನ ಒತ್ತಡ 4,200 ಬಾರ್‌ವರೆಗೆ ಏರಬಹುದು ಎಂದು ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅದನ್ನು ತಡೆದು ನಿಲ್ಲಿಸುವುದು ಬೋಲ್ಟಿನ ಎರಡೋ ಮೂರೋ ಹಲ್ಲುಗಳು, ನಳಿಗೆಯ ಉಕ್ಕು ಮತ್ತು ಅದಕ್ಕೆ ಶಾಖ ಕೊಟ್ಟು ಹದ ಮಾಡಿದವನ ಕೈಗುಣ. ಅದೇ ಮಾನದಂಡದ ಪ್ರಕಾರ ಪ್ರತಿ ಬಂದೂಕನ್ನೂ ಕಾರ್ಖಾನೆಯಿಂದ ಹೊರಬಿಡುವ ಮುನ್ನ ಈ ಮಿತಿಗಿಂತ ಶೇ. 25 ಹೆಚ್ಚು ಒತ್ತಡದ ಕಾಡತೂಸು ಹಾರಿಸಿ ಪರೀಕ್ಷಿಸಬೇಕು. ಲೋಹದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಆಗಲೇ ಗೊತ್ತಾಗಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಕೆಡುವಾಗ ಯಾರ ಕಡೆಗೆ ಕೆಡಬೇಕು?

2021ರ ಏಪ್ರಿಲ್‌ನಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಒಂದು ಘಟನೆ ನಡೆಯಿತು. ಬಂದೂಕುಗಳ ವೀಡಿಯೊ ಮಾಡುವ ಒಬ್ಬಾತ ಆರ್‌ಎನ್-50 ಎಂಬ .50 ಬೋರಿನ ರೈಫಲ್‌ನಿಂದ ಹಳೆಯ ಸೇನಾ ಕಾಡತೂಸುಗಳನ್ನು ಹಾರಿಸುತ್ತಿದ್ದ. ಈ ರೈಫಲ್‌ಗೆ ಬೋಲ್ಟ್ ಇಲ್ಲ. ಹಿಂಬದಿಯನ್ನು ಬಾಟಲಿಗೆ ಮುಚ್ಚಳ ತಿರುಗಿಸಿದಂತೆ ಒಂದು ಉಕ್ಕಿನ ಮುಚ್ಚಳದಿಂದ ಮುಚ್ಚುತ್ತಾರೆ. ಒಂದು ಕಾಡತೂಸು ಮಿತಿಮೀರಿದ ಒತ್ತಡದಿಂದ ಸಿಡಿಯಿತು. ಮುಚ್ಚಳದ ಮರೆಗಳು ಕಿತ್ತುಹೋದವು. ಮುಚ್ಚಳ ಹಿಂದಕ್ಕೆ ಹಾರದಂತೆ ತಡೆಯಲು ಇಟ್ಟಿದ್ದ ಎರಡು 'ಕಿವಿ'ಗಳೂ ಮುರಿದವು. ಚೂರುಗಳು ಆತನ ಮುಖ, ಕುತ್ತಿಗೆ, ಎದೆಗೆ ಹೊಕ್ಕವು. ಕುತ್ತಿಗೆಯ ರಕ್ತನಾಳದ ಗಾಯಕ್ಕೆ ತನ್ನದೇ ಹೆಬ್ಬೆರಳನ್ನು ಒತ್ತಿಟ್ಟುಕೊಂಡು ಆತ ಹೇಗೋ ಬದುಕಿಕೊಂಡ.

ನಂತರ ದೊಡ್ಡ ಚರ್ಚೆಯೇ ನಡೆಯಿತು. ತಪ್ಪು ಕಾಡತೂಸಿನದು, ಅಂಥ ಒತ್ತಡವನ್ನು ಯಾವ ಬಂದೂಕೂ ತಾಳಲಾರದು ಎಂದು ಒಂದು ಪಕ್ಷ ವಾದಿಸಿತು. ಕಾಡತೂಸು ಕೆಟ್ಟಿರಬಹುದು, ಆದರೆ ಒಳ್ಳೆಯ ವಿನ್ಯಾಸ ಕೆಟ್ಟ ಕಾಡತೂಸನ್ನೂ ಮುಂದಾಗಿ ಊಹಿಸಿಕೊಂಡಿರಬೇಕು, ಹೆಚ್ಚಾದ ಅನಿಲ ಪಕ್ಕಕ್ಕೆ ಹೊರಟುಹೋಗಲು ದಾರಿ ಇರಬೇಕು ಎಂದು ಇನ್ನೊಂದು ಪಕ್ಷ. ಈ ಎರಡನೆಯ ಪಕ್ಷದ ಮಾತಿನಲ್ಲಿ ಎಂಜಿನಿಯರಿಂಗ್‌ಗಿಂತ ದೊಡ್ಡದಾದ ಒಂದು ತತ್ವ ಅಡಗಿದೆ ಎಂದು ನಮಗನಿಸುತ್ತದೆ. ಯಾವ ವಸ್ತುವೂ ಎಂದಾದರೊಂದು ದಿನ ಕೆಡುತ್ತದೆ. ಆದ್ದರಿಂದ ಅದು ಕೆಡದಂತೆ ಮಾಡಿದ್ದೇವೆ ಎಂದು ಹೇಳುವವನು ಉತ್ತಮ ವಿನ್ಯಾಸಕನಲ್ಲ. ಕೆಡುವಾಗ ಅದು ಯಾರ ಕಡೆಗೆ ಕೆಡಬೇಕು ಎಂದು ಮೊದಲೇ ಯೋಚಿಸಿದವನು ಉತ್ತಮ ವಿನ್ಯಾಸಕ. ಕುಕ್ಕರಿನ ಸೇಫ್ಟಿ ವಾಲ್ವ್ ಕರಗುವುದು ಮುಚ್ಚಳ ಹಾರದಿರಲಿ ಎಂದು. ಅಲ್ಲಿ ಒಂದು ಸಣ್ಣ ಚೂರು ಸೋತು ಮನೆಯವರನ್ನು ಉಳಿಸುತ್ತದೆ.

ಈ ಮಾತು ಲೆಕ್ಕಪತ್ರದ ಮುಂದೆ ಹೇಗೆ ಸೋಲುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದ ರೆಮಿಂಗ್ಟನ್ 700 ಜಗತ್ತಿನ ಅತಿ ಜನಪ್ರಿಯ ರೈಫಲ್‌ಗಳಲ್ಲೊಂದು. ಕುದುರೆ ಒತ್ತದೆಯೇ ಗುಂಡು ಹಾರುತ್ತದೆ ಎಂಬ ದೂರು ಅದರ ಮೇಲೆ ದಶಕಗಳಿಂದ ಇತ್ತು. ಅದರ ವಿನ್ಯಾಸಕ ಮೈಕ್ ವಾಕರ್ 1948ರಲ್ಲೇ ಹೆಚ್ಚು ಸುರಕ್ಷಿತವಾದ ಒಂದು ಬದಲಾವಣೆಯನ್ನು ಸೂಚಿಸಿದ್ದರು. ಅದಕ್ಕೆ ತಗಲುತ್ತಿದ್ದ ಹೆಚ್ಚುವರಿ ವೆಚ್ಚ ಬಂದೂಕೊಂದಕ್ಕೆ ಐದೂವರೆ ಸೆಂಟ್. ಕಂಪೆನಿ ಅದನ್ನು ಅಳವಡಿಸಲಿಲ್ಲ. ಕೊನೆಗೆ ಹಲವು ಮೊಕದ್ದಮೆಗಳ ನಂತರ, ದೋಷವನ್ನು ಒಪ್ಪಿಕೊಳ್ಳದೆಯೇ, ಲಕ್ಷಗಟ್ಟಲೆ ಬಂದೂಕುಗಳಿಗೆ ಬೇರೆ ಕುದುರೆ ಹಾಕಿಕೊಡಲು ಅದು ಒಪ್ಪಬೇಕಾಯಿತು.

ನಮ್ಮ ಇನ್ಸಾಸ್ ರೈಫಲ್‌ನ ಕಥೆಯೂ ನೆನಪಿಗೆ ಬರುತ್ತದೆ. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಮ್ಯಾಗಜಿನ್ ಬಿರುಕು ಬಿಡುತ್ತದೆ, ಹಾರಿಸುವವನ ಕಣ್ಣಿಗೆ ಎಣ್ಣೆ ಚಿಮ್ಮುತ್ತದೆ ಎಂಬ ದೂರುಗಳು ಬಂದವು. 2005ರ ಆಗಸ್ಟ್‌ನಲ್ಲಿ ನೇಪಾಳದಲ್ಲಿ ಮಾವೋವಾದಿಗಳ ಜೊತೆಗಿನ ಕಾಳಗದಲ್ಲಿ 43 ಸೈನಿಕರು ಸತ್ತಾಗ ಅಲ್ಲಿನ ಸೇನೆ ಇನ್ಸಾಸ್ ಕೈಕೊಟ್ಟದ್ದೇ ಕಾರಣವೆಂದಿತು. ಬಳಕೆ ಸರಿಯಿರಲಿಲ್ಲ ಎಂದು ಭಾರತದ ಕಡೆಯವರು ಉತ್ತರಿಸಿದರು. ಯಾರ ಮಾತು ಎಷ್ಟು ಸರಿ ಎಂಬುದು ಬೇರೆ ವಿಚಾರ. ಬಂದೂಕಿನ ದೋಷಕ್ಕೆ ಬೆಲೆ ತೆತ್ತವನು ಡ್ರಾಯಿಂಗ್ ಬೋರ್ಡಿನ ಮುಂದೆ ಕುಳಿತವನಲ್ಲ ಎಂಬುದಂತೂ ಸತ್ಯ.

ಕಾಡತೂಸು ತುಂಬಿದ ಕೈಗಳು

ಬಂದೂಕಿನ ಸುರಕ್ಷೆಯ ಚರ್ಚೆ ಸಾಮಾನ್ಯವಾಗಿ ಹಾರಿಸುವವನ ಸುರಕ್ಷೆಗೆ ನಿಂತುಬಿಡುತ್ತದೆ. ಆತನಿಗಿಂತ ಮೊದಲೇ ಆ ಸಿಡಿಮದ್ದಿನ ಹತ್ತಿರ ನಿಂತವರು ಇರುತ್ತಾರೆ.

.338ರ ಕಾಡತೂಸಿನ ಹೆಸರಿನಲ್ಲಿರುವ ಲಾಪುವಾ ಫಿನ್ಲೆಂಡಿನ ಒಂದು ಸಣ್ಣ ಪಟ್ಟಣ. ಅಲ್ಲಿನ ಕಾಡತೂಸು ಕಾರ್ಖಾನೆಯಲ್ಲಿ 1976ರ ಏಪ್ರಿಲ್ 13ರ ಬೆಳಗ್ಗೆ ಸ್ಫೋಟವಾಯಿತು. ಸತ್ತವರು 40 ಮಂದಿ. ಅವರಲ್ಲಿ ಬಹುಪಾಲು ಹೆಂಗಸರು, ಅನೇಕರು ಎಳೆಯ ಮಕ್ಕಳ ತಾಯಂದಿರು. ಕಾಡತೂಸು ತುಂಬುವ ವಿಭಾಗದಲ್ಲಿ ಕೆಲಸಕ್ಕಿದ್ದವರು ಹೆಚ್ಚಾಗಿ ಅವರೇ. ಇಂದು ಜಗತ್ತಿನ ಯಾವುದೋ ಗುಡ್ಡದ ಮೇಲೆ ಕುಳಿತು .338 ಲಾಪುವಾ ಹಾರಿಸುವವನಿಗೆ ಆ ಹೆಸರಿನ ಹಿಂದೆ ಒಂದು ಊರಿನ ಸ್ಮಶಾನವಿದೆ ಎಂದು ತಿಳಿದಿರುವ ಸಂಭವ ಕಡಿಮೆ.

ಇದು ಬರೀ ಹೊರದೇಶದ, ಹಳೆಯ ಕಾಲದ ಮಾತಲ್ಲ. 2023ರ ಡಿಸೆಂಬರಿನಲ್ಲಿ ನಾಗಪುರದ ಬಳಿಯ ಒಂದು ಸ್ಫೋಟಕ ಕಾರ್ಖಾನೆಯಲ್ಲಿ ಒಂಬತ್ತು ಮಂದಿ ಸತ್ತರು, ಅವರಲ್ಲಿ ಆರು ಮಂದಿ ಮಹಿಳೆಯರು. 2025ರ ಜನವರಿ 24ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಎಂಟು ಮಂದಿ ಬಲಿಯಾದರು. ಗಡಿಯಲ್ಲಿ ಸತ್ತವರಿಗೆ ತ್ರಿವರ್ಣ ಧ್ವಜ ಹೊದಿಸುತ್ತೇವೆ, ಹೊದಿಸಬೇಕಾದದ್ದೇ. ಗಡಿಗೆ ಮದ್ದುಗುಂಡು ತುಂಬಿ ಕಳಿಸುವಾಗ ಸತ್ತವರ ಹೆಸರು ಮರುದಿನದ ಪತ್ರಿಕೆಯ ಒಳಪುಟ ದಾಟುವುದಿಲ್ಲ. ಪೀಣ್ಯದ ಓಣಿಗಳಲ್ಲಿ ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವರನ್ನು ಕಂಡವರಿಗೆ ಇದು ಹೊಸ ವಿಷಯವೇನಲ್ಲ. ರಕ್ಷಣಾ ಉದ್ಯಮ ನಮ್ಮ ಊರಿಗೆ ಬರುವುದಾದರೆ ಬರಲಿ. ಆದರೆ ಗುತ್ತಿಗೆ ಕಾರ್ಮಿಕನ ಬೆರಳು, ಕಿವಿ, ಜೀವಗಳು ಆ 'ಸುರಕ್ಷಿತ' ಎಂಬ ಪದದ ಒಳಗೆ ಬರುತ್ತವೆಯೇ ಎಂದು ಮೊದಲ ದಿನವೇ ಕೇಳಬೇಕು.

ನಳಿಗೆಯ ಆಚೆ ಬದಿ

ಇನ್ನು ಮೂರನೆಯವನು. ಯಾರ ಕಡೆಗೆ ನಳಿಗೆ ತಿರುಗಿದೆಯೋ ಅವನು. ಅವನಿಗೂ ಬಂದೂಕಿನಿಂದ ಒಂದು ಬಗೆಯ ಸುರಕ್ಷೆ ಸಲ್ಲಬೇಕು ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಮನುಕುಲ ಆ ಮಾತನ್ನು ಎಂದೋ ಒಪ್ಪಿಕೊಂಡಿದೆ.

1860ರ ದಶಕದಲ್ಲಿ ರಷ್ಯಾದ ಸೇನೆ ಮದ್ದಿನ ಬಂಡಿಗಳನ್ನು ಸ್ಫೋಟಿಸಲು ಸಿಡಿಯುವ ಗುಂಡೊಂದನ್ನು ಕಂಡುಹಿಡಿಯಿತು. ಕೆಲವು ವರ್ಷಗಳಲ್ಲಿ ಅದು ಮನುಷ್ಯನ ಮೈಯಂಥ ಮೆತ್ತನೆಯ ವಸ್ತುವಿಗೆ ತಾಗಿದರೂ ಸಿಡಿಯುವ ಹಾಗೆ ಮಾರ್ಪಟ್ಟಿತು. ಆಗ ರಷ್ಯಾವೇ ಮುಂದಾಗಿ 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದೇಶಗಳನ್ನು ಸೇರಿಸಿತು. 400 ಗ್ರಾಮಿಗಿಂತ ಕಡಿಮೆ ತೂಕದ ಸಿಡಿಯುವ ಗುಂಡುಗಳನ್ನು ಬಳಸುವುದಿಲ್ಲ ಎಂಬ ಘೋಷಣೆ ಅಲ್ಲಿ ಹೊರಬಿತ್ತು. ಯುದ್ಧದ ಗುರಿ ಎದುರಾಳಿಯನ್ನು ಅಶಕ್ತಗೊಳಿಸುವುದು ಮಾತ್ರ, ಅದನ್ನು ಮೀರಿದ ಯಾತನೆಗೆ ಸಮರ್ಥನೆ ಇಲ್ಲ ಎಂಬುದು ಅದರ ಸಾರ. ಕಂಡುಹಿಡಿದವರೇ ತಮ್ಮ ಸೃಷ್ಟಿಗೆ ಹೆದರಿ ಕೈಬಿಟ್ಟ ಅಪರೂಪದ ಸಂದರ್ಭ ಇದು.

ಮೂವತ್ತು ವರ್ಷಗಳ ನಂತರ ಪ್ರಶ್ನೆ ನಮ್ಮ ನೆಲಕ್ಕೇ ಬಂತು. ಕಲ್ಕತ್ತದ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೈಯೊಳಗೆ ಹೊಕ್ಕ ಮೇಲೆ ಹೂವಿನಂತೆ ಅರಳಿ ಮಾಂಸ ಹರಿಯುವ ಗುಂಡು ತಯಾರಿಸಿದರು. ವಾಯವ್ಯ ಗಡಿಯ ಪಠಾಣರ ಮೇಲೆ ಸಾಧಾರಣ ಗುಂಡು ಸಾಲದು ಎಂಬುದು ಅವರ ಸಬೂಬು. 1899ರಲ್ಲಿ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ನಿಷೇಧಿಸ ಹೊರಟಾಗ ಬ್ರಿಟಿಷ್ ಪ್ರತಿನಿಧಿ ವಿರೋಧಿಸಿದರು. ನಾಗರಿಕ ದೇಶದ ಸೈನಿಕ ಸಣ್ಣ ಗಾಯವಾದರೂ ಹಿಂದೆ ಸರಿಯುತ್ತಾನೆ, ಅನಾಗರಿಕ ಸರಿಯುವುದಿಲ್ಲ ಎಂಬುದು ಅವರ ವಾದವಾಗಿತ್ತು. ಮೈಗೆ ಮೈ ಬೇಧವಿದೆ, ಕೆಲವರ ನೋವು ನೋವಲ್ಲ ಎಂಬ ಈ ವಾದವನ್ನು ಗುಂಡಿನ ವಿನ್ಯಾಸದಲ್ಲೇ ಅಚ್ಚು ಹಾಕಲಾಗಿತ್ತು. 1907ರಲ್ಲಿ ಬ್ರಿಟನ್ ಆ ನಿಷೇಧಕ್ಕೆ ಸಹಿ ಹಾಕಿತು. ಆ ವಾದ ಮಾತ್ರ ಸತ್ತಿಲ್ಲ. ಕಾಶ್ಮೀರದಲ್ಲಿ 2010ರಿಂದ 'ಪ್ರಾಣಾಪಾಯವಿಲ್ಲದ' ಆಯುಧವೆಂದು ಬಳಸಲಾದ ಪೆಲೆಟ್ ಗನ್‌ಗಳು 2016ರ ಬೇಸಿಗೆಯಲ್ಲಿ ನೂರಾರು ಮಂದಿಯ ಕಣ್ಣಿಗೆ ತಾಗಿದವು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಸುರಕ್ಷಿತ ಎಂಬ ಪದಕ್ಕೆ ಎಷ್ಟು ಜಾಗರೂಕರಾಗಿ ಕಿವಿಗೊಡಬೇಕು ಎಂಬುದಕ್ಕೆ ಇಷ್ಟು ಸಾಕು.

ದೊಡ್ಡ ಬೋರಿನ ನಿಖರ ರೈಫಲ್‌ನ ಪರವಾಗಿ ಒಂದು ಗಟ್ಟಿಯಾದ ವಾದವಿದೆ ಎಂಬುದನ್ನೂ ಮರೆಯಬಾರದು. ಒಂದು ಫಿರಂಗಿ ಗುಂಡು ಇಡೀ ಮನೆಯನ್ನು ಕೆಡವುತ್ತದೆ. ಒಬ್ಬ ನುರಿತ ಸ್ನೈಪರ್ ಕಿಟಕಿಯಲ್ಲಿರುವ ಒಬ್ಬ ಬಂದೂಕುಧಾರಿಯನ್ನು ಮಾತ್ರ ಹೊಡೆದು ಮನೆಮಂದಿಯನ್ನು ಬಿಡಬಹುದು. ಆ ಅರ್ಥದಲ್ಲಿ ಇದಕ್ಕಿಂತ ವಿವೇಚನೆಯುಳ್ಳ ಆಯುಧವಿಲ್ಲ. ಆದರೆ ಒಂದೂವರೆ ಕಿಲೋಮೀಟರ್ ದಾಟಲು .338ರ ಗುಂಡಿಗೂ ಎರಡೂವರೆಯಿಂದ ಮೂರು ಸೆಕೆಂಡ್ ಬೇಕು. ಒಂದು ಮಗು ಬಾಗಿಲು ದಾಟಿ ಹೊರಬರಲು ಅಷ್ಟು ಹೊತ್ತು ಸಾಕು. ಬಿಟ್ಟ ಗುಂಡನ್ನು ಹಿಂದಕ್ಕೆ ಕರೆಯುವ ಸೇಫ್ಟಿ ಕ್ಯಾಚ್ ಯಾವ ರೈಫಲ್‌ಗೂ ಇಲ್ಲ. ಮೇಲಾಗಿ ನಿಖರತೆ ಎಂಬುದು ಗುರಿ ತಪ್ಪದಿರುವ ಗುಣ, ಗುರಿ ಸರಿಯಾಗಿರುವ ಗುಣವಲ್ಲ. ಯಾರನ್ನು ಹೊಡೆಯಬೇಕು ಎಂಬುದು ಡ್ರಾಯಿಂಗಿನಲ್ಲಿ ಬರೆದಿರುವುದಿಲ್ಲ.

ಬೋರಿನ ಗಾತ್ರಕ್ಕೂ ಪಾಪದ ಗಾತ್ರಕ್ಕೂ ಸಂಬಂಧವಿಲ್ಲ ಎಂಬುದು ಕನ್ನಡಿಗರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರಲ್ಲಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನೂ ಬಲಿ ತೆಗೆದುಕೊಂಡದ್ದು 7.65 ಮಿ.ಮೀ.ನ ನಾಡಪಿಸ್ತೂಲಿನ ಗುಂಡು.

ಲೇತಿನ ಮುಂದೆ ನಿಂತವನು

ಈಗ ನಮಗೆ ಹತ್ತಿರವಾದ ಪ್ರಶ್ನೆಗೆ ಬರೋಣ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಒಂದು ಜಾಬ್‌ವರ್ಕ್ ಶೆಡ್ಡು ಇದೆ ಎಂದುಕೊಳ್ಳೋಣ. ಐಟಿಐ ಮುಗಿಸಿ ಕಲಬುರಗಿಯಿಂದ ಬಂದ ಹುಡುಗನೊಬ್ಬ ಸಿಎನ್‌ಸಿ ಯಂತ್ರದ ಮುಂದೆ ನಿಂತಿದ್ದಾನೆ. ಹೊಸ ಆರ್ಡರ್ ಬಂದಿದೆ. "ಅಣ್ಣಾ, ಇದು ಯಾವುದರ ಪಾರ್ಟು?" ಎಂದು ಕೇಳುತ್ತಾನೆ. "ಡ್ರಾಯಿಂಗ್ ನೋಡಪ್ಪ, ಟಾಲರೆನ್ಸ್ ನೋಡು. ಯಾವುದರದ್ದು ಅಂತ ನನಗೂ ಹೇಳಿಲ್ಲ" ಎನ್ನುತ್ತಾನೆ ಹಿರಿಯ. ಹಿರಿಯನದು ಸುಳ್ಳಲ್ಲ. ವೈಟ್‌ಫೀಲ್ಡ್‌ನಲ್ಲಿ ಕುಳಿತು ದೂರ, ಗಾಳಿ, ಉಷ್ಣಾಂಶಗಳ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವ ಹುಡುಗಿಗೂ ಬಹುಶಃ ಇಷ್ಟೇ ಗೊತ್ತಿರುತ್ತದೆ. ಆಧುನಿಕ ಉದ್ಯಮ ಕೆಲಸವನ್ನು ಎಷ್ಟು ಚೂರು ಮಾಡಿದೆ ಎಂದರೆ ಹೊಣೆಯೂ ಅದರೊಂದಿಗೆ ಚೂರಾಗಿ, ಯಾರ ಪಾಲಿಗೂ ಹಿಡಿಯಷ್ಟು ಉಳಿಯುವುದಿಲ್ಲ.

ಹಳೆಯ ಚಿಂತಕರು ಈ ಪ್ರಶ್ನೆಯನ್ನು ಎದುರಿಸದೆ ಬಿಟ್ಟಿರಲಿಲ್ಲ. ಗೃಹಸ್ಥ ಮಾಡಬಾರದ ಐದು ವ್ಯಾಪಾರಗಳಲ್ಲಿ ಆಯುಧದ ವ್ಯಾಪಾರವನ್ನು ಬುದ್ಧ ಸೇರಿಸಿದ. ಹಿಂಸೆಯ ಸಲಕರಣೆಯನ್ನು ಇನ್ನೊಬ್ಬರ ಕೈಗೆ ಕೊಡುವುದನ್ನೂ ಜೈನ ಶ್ರಾವಕ ಧರ್ಮ ದೋಷವೆಂದು ಎಣಿಸಿತು. ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ ನಮ್ಮ ಶರಣರು ಆ ಕಾಯಕ ಸತ್ಯಶುದ್ಧವಾಗಿರಬೇಕು ಎಂಬ ಷರತ್ತನ್ನೂ ಹಾಕಿದರು. ಇಸ್ಲಾಮೀ ನ್ಯಾಯಶಾಸ್ತ್ರಜ್ಞರು ಫಿತ್ನಾ ಅಂದರೆ ಅಂತಃಕಲಹದ ಕಾಲದಲ್ಲಿ ಆಯುಧ ಮಾರುವುದನ್ನು ಪ್ರತ್ಯೇಕವಾಗಿಯೇ ಚರ್ಚಿಸಿದರು. ಹನ್ನೆರಡನೆಯ ಶತಮಾನದ ಹನಫೀ ಗ್ರಂಥ 'ಹಿದಾಯಾ' ಇಲ್ಲೊಂದು ಸೂಕ್ಷ್ಮ ಗೆರೆ ಎಳೆಯುತ್ತದೆ. ಕಲಹಕೋರನೆಂದು ತಿಳಿದೂ ಅವನಿಗೆ ಆಯುಧ ಮಾರುವುದು ಸಲ್ಲದು, ತಿಳಿಯದೆ ಮಾರಿದರೆ ಆಕ್ಷೇಪವಿಲ್ಲ, ಬರೀ ಕಬ್ಬಿಣವನ್ನು ಮಾರುವುದು ಖಡ್ಗ ಮಾರಿದಂತಲ್ಲ.

ಈ ಗೆರೆ ಪೀಣ್ಯದ ಹುಡುಗನಿಗೆ ದೊಡ್ಡ ಸಮಾಧಾನ ಕೊಡುತ್ತದೆ. ಅವನು ಕೊಯ್ಯುತ್ತಿರುವುದು ಕಬ್ಬಿಣ. ಆದರೆ ಅದೇ ಗೆರೆ ಒಂದು ಕಷ್ಟವನ್ನೂ ಮುಂದಿಡುತ್ತದೆ. ಇಲ್ಲಿ ಹೊಣೆ ನಿಂತಿರುವುದು ತಿಳಿವಳಿಕೆಯ ಮೇಲೆ. ಹಾಗಾದರೆ ತಿಳಿಯಬಹುದಾಗಿದ್ದನ್ನು ತಿಳಿಯದೆ ಉಳಿಯುವುದು, ಇಲ್ಲವೇ ತಿಳಿಯಗೊಡದಿರುವುದು ಯಾವ ಬದಿಗೆ ಸೇರುತ್ತದೆ? ಆ ಹುಡುಗನನ್ನು ನಾವು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ. ತಿಂಗಳ ಕೊನೆಗೆ ಊರಿಗೆ ಹಣ ಕಳಿಸಬೇಕಾದವನು ಅವನು. ಆದರೆ ಅವನಿಗೆ ಕೇಳುವ ಹಕ್ಕಿದೆ, ಉತ್ತರಿಸುವ ಹೊಣೆ ಮೇಲಿನವರದ್ದು. ಮೇಲೆ ಹೋದಷ್ಟೂ ತಿಳಿವಳಿಕೆ ಹೆಚ್ಚು, ತಿಳಿವಳಿಕೆ ಹೆಚ್ಚಿದಷ್ಟೂ ಹೊಣೆ ಹೆಚ್ಚು.

ಎಕೆ-47 ಜನಕ ಮಿಖಾಯಿಲ್ ಕಲಾಶ್ನಿಕೋವ್ 2013ರ ಡಿಸೆಂಬರಿನಲ್ಲಿ 94ರ ವಯಸ್ಸಿನಲ್ಲಿ ತೀರಿಕೊಂಡರು. ಅವರು ರಷ್ಯಾದ ಚರ್ಚಿನ ಮುಖ್ಯಸ್ಥರಿಗೆ ಬರೆದಿದ್ದ ಪತ್ರವೊಂದು ಮರುತಿಂಗಳು ಪ್ರಕಟವಾಯಿತು. ತನ್ನ ಬಂದೂಕು ತೆಗೆದ ಪ್ರಾಣಗಳಿಗೆ ತಾನು ಹೊಣೆಯೇ ಎಂಬ ಸಂಕಟ ಅದರಲ್ಲಿತ್ತು. ಜೀವನವಿಡೀ ತಾನು ತಾಯ್ನಾಡಿನ ರಕ್ಷಣೆಗಾಗಿ ಮಾಡಿದೆ, ತಪ್ಪು ರಾಜಕಾರಣಿಗಳದ್ದು ಎನ್ನುತ್ತಿದ್ದ ಮನುಷ್ಯ ಅವರು. ದೇಶರಕ್ಷಣೆಗಾಗಿ ಮಾಡಿದ ಆಯುಧವನ್ನು ಚರ್ಚು ಬೆಂಬಲಿಸುತ್ತದೆ ಎಂಬ ಉತ್ತರ ಬಂತು. ಉತ್ತರ ತಪ್ಪೇನಲ್ಲ. ಆದರೆ ಮುದುಕ ಕೇಳಿದ್ದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ನಮ್ಮ ಕಾರ್ಖಾನೆಗಳಲ್ಲಿ ವರ್ಷಕ್ಕೊಮ್ಮೆ ಆಯುಧಪೂಜೆ ನಡೆಯುತ್ತದೆ. ಅಂದು ಲೇತು, ಡ್ರಿಲ್ಲು, ಸ್ಪ್ಯಾನರು, ಲಾರಿ ಎಲ್ಲವೂ ಆಯುಧವೇ. ಬೂದುಗುಂಬಳಕಾಯಿ ಒಡೆದು ಚುರುಮುರಿ ಹಂಚುವಾಗ ಧರ್ಮದ ಗೋಡೆಗಳೂ ಅಷ್ಟಾಗಿ ಇರುವುದಿಲ್ಲ. ಅನ್ನ ಕೊಡುವ ಸಲಕರಣೆಗೂ ಪ್ರಾಣ ತೆಗೆಯುವ ಸಲಕರಣೆಗೂ ನಮ್ಮ ಭಾಷೆ ಒಂದೇ ಹೆಸರಿಟ್ಟಿದೆ. ಕೊಡವರು ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಡುತ್ತಾರೆ, ಮಗು ಹುಟ್ಟಿದಾಗಲೂ ಸಾವಾದಾಗಲೂ ಅದೇ ಕೋವಿಯಿಂದ ಗುಂಡು ಹಾರಿಸಿ ಊರಿಗೆ ಸಾರುತ್ತಾರೆ. ಅಲ್ಲಿ ಕೋವಿ ಯಾರ ಮನೆಯದು, ಯಾವಾಗ ಸದ್ದು ಮಾಡಿತು, ಏಕೆ ಎಂದು ಇಡೀ ಊರಿಗೆ ಗೊತ್ತಿರುತ್ತದೆ. ಆಯುಧವನ್ನು ಹದ್ದಿನಲ್ಲಿಡುವುದು ಈ ಗೊತ್ತಿರುವಿಕೆ. ರಫ್ತಾದ ಬಂದೂಕಿಗೆ ಅಂಥ ಊರಿಲ್ಲ.

ದೇಶದ ವಾದ

ಇಷ್ಟೆಲ್ಲ ಮಾತಾಡುವುದು ಸುಲಭ, ಗಡಿಯಲ್ಲಿ ನಿಂತವನ ಪಾಡೇನು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2018ರಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ಆಚೆಯ ಸ್ನೈಪರ್‌ಗಳ ಗುಂಡಿಗೆ ನಮ್ಮ ಸೈನಿಕರು ಬಲಿಯಾದರು. ಅವರ ಕೈಯಲ್ಲಿದ್ದದ್ದು ಹಳೆಯ ಡ್ರಾಗುನೋವ್. 2019ರ ಆರಂಭದಲ್ಲಿ ಸೇನೆ ಅವಸರವಾಗಿ ಇಟಲಿಯ .338 ಮತ್ತು ಅಮೆರಿಕದ .50 ಬೋರಿನ ರೈಫಲ್‌ಗಳನ್ನು ಸಣ್ಣ ಸಂಖ್ಯೆಯಲ್ಲಿ ತರಿಸಿಕೊಂಡಿತು. ಅಂಥದ್ದನ್ನು ನಾವೇ ಮಾಡಿದರೆ ಪರದೇಶದ ಬಾಗಿಲಲ್ಲಿ ನಿಲ್ಲಬೇಕಿಲ್ಲ. 2001ರಲ್ಲಿ ಖಾಸಗಿಯವರಿಗೆ ರಕ್ಷಣಾ ಉತ್ಪಾದನೆಯ ಬಾಗಿಲು ತೆರೆದ ಸರಕಾರದ ತರ್ಕವೂ ಇದೇ. ಮೈಸೂರಿನ ನೆಲಕ್ಕೆ ಇದು ಹೊಸದೂ ಅಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ರಾಕೆಟ್‌ಗಳು ಟಿಪ್ಪು ಕಾಲದ ಕುಶಲತೆಗೆ ಸಾಕ್ಷಿ. ತನ್ನನ್ನು ತಾನು ಕಾಪಾಡಿಕೊಳ್ಳುವುದು ಪಾಪವೆಂದು ನಾವು ಹೇಳಲಾರೆವು. ಆಯುಧವೇ ಬೇಡವೆನ್ನುವ ಶಾಂತಿವಾದಿಗಳ ಬಗ್ಗೆ ಗೌರವವಿದೆ. ಆದರೆ ಇನ್ನೊಬ್ಬನ ಕಾವಲಿನಲ್ಲಿ ನಿದ್ದೆ ಮಾಡುತ್ತಾ ಕಾವಲುಗಾರನ ಕೈ ಕೊಳಕೆನ್ನುವುದು ನೀತಿಯಲ್ಲ.

ಆದರೆ ರಕ್ಷಣೆಯ ವಾದ ರಫ್ತಿಗೂ ತಾನಾಗಿಯೇ ಅನ್ವಯಿಸುತ್ತದೆಯೇ? ಜರ್ಮನಿಯ ಹೆಕ್ಲರ್ ಅಂಡ್ ಕೋಕ್ ಕಂಪೆನಿಯ ಜಿ36 ರೈಫಲ್ ಒಳ್ಳೆಯ ಬಂದೂಕು. ಮೆಕ್ಸಿಕೋದ ಕೆಲವು ರಾಜ್ಯಗಳಿಗೆ ಅದು ಹೋಗಕೂಡದು ಎಂಬ ಷರತ್ತಿನ ಮೇಲೆ ಸರಕಾರ ರಫ್ತಿಗೆ ಅನುಮತಿ ಕೊಟ್ಟಿತ್ತು. ಕಾಗದಪತ್ರಗಳೆಲ್ಲ ಸರಿಯಿದ್ದವು. ಬಂದೂಕುಗಳು ಮಾತ್ರ ಬೇಡವೆಂದ ರಾಜ್ಯಗಳಲ್ಲೊಂದಾದ ಗೆರೆರೊಗೆ ಹೋದವು. 2014ರ ಸೆಪ್ಟೆಂಬರಿನಲ್ಲಿ ಅಲ್ಲಿನ ಇಗ್ವಾಲಾ ಊರಿನಲ್ಲಿ ಶಿಕ್ಷಕರ ತರಬೇತಿ ಶಾಲೆಯ 43 ವಿದ್ಯಾರ್ಥಿಗಳು ಕಣ್ಮರೆಯಾದ ರಾತ್ರಿ ಪೊಲೀಸರ ಬಳಿ ಈ ರೈಫಲ್‌ಗಳಿದ್ದವು. 2019ರಲ್ಲಿ ಸ್ಟುಟ್‌ಗಾರ್ಟಿನ ನ್ಯಾಯಾಲಯ ಕಂಪೆನಿಗೆ 37 ಲಕ್ಷ ಯೂರೋ ದಂಡ ವಿಧಿಸಿ ಇಬ್ಬರು ಮಾಜಿ ನೌಕರರನ್ನು ಅಪರಾಧಿಗಳೆಂದು ಘೋಷಿಸಿತು. ಬಂದೂಕು ಕೆಡಲಿಲ್ಲ, ವ್ಯವಸ್ಥೆ ಕೆಟ್ಟಿತು. ಕೆಟ್ಟದ್ದು ಯಾರ ಕಡೆಗೆ? ಬಡ ರೈತರ ಮಕ್ಕಳ ಕಡೆಗೆ.

ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದವನ್ನು ವಿಶ್ವಸಂಸ್ಥೆ 2013ರ ಏಪ್ರಿಲ್ 2ರಂದು ಅಂಗೀಕರಿಸಿತು, 2014ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಭಾರತ ಮತದಾನದಿಂದ ದೂರ ಉಳಿಯಿತು. ಒಪ್ಪಂದ ರಫ್ತು ಮಾಡುವ ದೇಶಗಳ ಕಡೆಗೆ ವಾಲಿದೆ, ಕೊಳ್ಳುವ ದೇಶಗಳನ್ನು ಕಟ್ಟಿಹಾಕುತ್ತದೆ ಎಂಬುದು ನಮ್ಮ ಆಕ್ಷೇಪವಾಗಿತ್ತು. ಆಗ ನಾವು ಮುಖ್ಯವಾಗಿ ಕೊಳ್ಳುವವರಾಗಿದ್ದೆವು. ಈಗ ಮಾರುವವರೂ ಆಗಿದ್ದೇವೆ. ಅಂಗಡಿಯ ಯಾವ ಬದಿಯಲ್ಲಿ ನಿಂತಿದ್ದೇವೆ ಎಂಬುದು ಬದಲಾದ ಮೇಲೆ ನಮ್ಮ ಪ್ರಶ್ನೆಗಳೂ ಬದಲಾಗಬೇಕಲ್ಲವೆ?

1959ರ ನಮ್ಮ ಶಸ್ತ್ರಾಸ್ತ್ರ ಕಾಯಿದೆ ತಯಾರಕನ ಹೆಸರು ಮತ್ತು ಸಂಖ್ಯೆ ಕೊರೆಯದ ಬಂದೂಕನ್ನು ಮಾರಲು ಬಿಡುವುದಿಲ್ಲ. ಬಂದೂಕಿನ ಗುರುತು ಅಳಿಯಬಾರದು ಎಂಬ ಆ ವಿವೇಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕು ಎಂಬುದಷ್ಟೇ ನಮ್ಮ ಬೇಡಿಕೆ. ನಮ್ಮೂರಲ್ಲಿ ಹುಟ್ಟಿದ ಬಂದೂಕು ಯಾವ ದೇಶಕ್ಕೆ ಹೋಯಿತು ಎಂದು ಸಂಸತ್ತಿಗೆ ತಿಳಿದಿರಲಿ. ಅಲ್ಲಿ ಅದು ಯಾರ ಕೈಯಲ್ಲಿದೆ ಎಂದು ಕೆಲವು ವರ್ಷಗಳ ನಂತರವೂ ಹೋಗಿ ನೋಡುವ ಏರ್ಪಾಡಿರಲಿ. ಮದ್ದು ತುಂಬುವ ಹೆಂಗಸಿಗೂ ಉಕ್ಕು ಕೊರೆಯುವ ಹುಡುಗನಿಗೂ ಕೆಲಸ ಕಳೆದುಕೊಳ್ಳುವ ಭಯವಿಲ್ಲದೆ ಪ್ರಶ್ನೆ ಕೇಳುವ ಅವಕಾಶವಿರಲಿ. ಇವು ಅಸಾಧ್ಯ ಬೇಡಿಕೆಗಳಲ್ಲ. 4,200 ಬಾರ್ ಒತ್ತಡವನ್ನು ಹಿಡಿದು ನಿಲ್ಲಿಸಬಲ್ಲ ಎಂಜಿನಿಯರುಗಳಿರುವ ನಾಡಿಗೆ ಇದು ಎಷ್ಟರ ಕೆಲಸ?

ಒಂದು ಬಂದೂಕನ್ನು ಸುರಕ್ಷಿತವೆನ್ನುವ ಮುನ್ನ ಹಾರಿಸುವವನನ್ನು, ತಯಾರಿಸಿದವರನ್ನು, ನಳಿಗೆಯ ಆಚೆ ಇರುವವನನ್ನು, ಮೂವರನ್ನೂ ಕೇಳಬೇಕು. ಮೊದಲನೆಯವನ ಉತ್ತರ ಪರೀಕ್ಷಾ ವರದಿಯಲ್ಲಿ ಸಿಗುತ್ತದೆ. ಎರಡನೆಯವರದ್ದು ಕಾರ್ಖಾನೆಯ ಗೇಟಿನ ಬಳಿ ನಿಂತರೆ ಕೇಳಿಸುತ್ತದೆ. ಮೂರನೆಯವನ ಉತ್ತರವನ್ನು ಕೇಳಿಸಿಕೊಳ್ಳಲು ಹೆಚ್ಚಾಗಿ ತಡವಾಗಿರುತ್ತದೆ. ಅದಕ್ಕಾಗಿಯೇ ಅವನ ಪರವಾಗಿ ಯಾರಾದರೂ ಮೊದಲೇ ಕೇಳಬೇಕು. ಆ ಬಂದೂಕು ಹುಟ್ಟಿದ ಊರಿನಲ್ಲಿ ವಾಸಿಸುವ ನಾವಲ್ಲದೆ ಇನ್ನಾರು ಕೇಳಬೇಕು?